ಸುಳ್ಳು ಹುಡುಕಿಸಿದ ಮಿಸ್ಸು

ಮಿಸ್ಸಿನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪು. ಎಂದೋ ಶಾಲೆಯ ಪ್ರಯೋಗಶಾಲೆಯ ಬೀರು ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿದ್ದು, ಮತ್ತೆ ಸರಿಯಾಗಿ ಬೆಳೆಯಲೇ ಇಲ್ಲ. ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಕಿಟಕಿಯಲ್ಲಿ ಒಂದು ಸಂಜೆ ನನ್ನ ಕಣ್ಣಿಗೆ ಬಿದ್ದದ್ದು ಆ ಹೆಬ್ಬೆರಳು. ಅದು ಟಿವಿ ರಿಮೋಟಿನ ಮೇಲೆ ಕೂತಿತ್ತು. ಟಿವಿಯಲ್ಲಿ ಜಪಾನಿನ ಕಾರ್ಟೂನು. ಎದುರಿಗೆ ಚಾಪೆಯ ಮೇಲೆ ಬಾಯಿ ಬಿಟ್ಟುಕೊಂಡು ಕೂತಿದ್ದವರಲ್ಲಿ ನನ್ನ ಮಗಳೂ ಒಬ್ಬಳು. ವಿಜ್ಞಾನದ ಟ್ಯೂಷನ್ನಿಗೆಂದು ಅವಳನ್ನು ಕಳಿಸಿದ್ದವಳು ನಾನೇ.

ಮೈಯೆಲ್ಲ ಉರಿದುಹೋಯಿತು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಈ ಕುಣಿದಾಡುವ ಚಿತ್ರಗಳ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಒಂಬತ್ತನೇ ಕ್ಲಾಸಿನ ಮಗಳು, ಗಾಳಿಯೇ ಇಲ್ಲದ ಕಡೆ ಶಬ್ದ ಕೇಳುತ್ತದೆಯೇ ಎಂಬ ಪ್ರಶ್ನೆಗೆ, ‘ಕೇಳುತ್ತದೆ, ಆಕಾಶದಲ್ಲಿ ಯುದ್ಧವಾದಾಗ ಢಂ ಎನ್ನುತ್ತದೆ’ ಎಂದು ಉತ್ತರ ಬರೆದು ಬಂದಿದ್ದಳು. ಎಲ್ಲಿ ಓದಿದೆ ಅಂದರೆ, ಕಾರ್ಟೂನಿನಲ್ಲಿ ನೋಡಿದೆ ಅಂದಳು. ಕಂಡದ್ದನ್ನೆಲ್ಲ ನಂಬುವ ಈ ಹುಡುಗಿ ನಾಳೆ ಯಾರ ಮಾತಿಗೆ ಮರುಳಾಗುತ್ತಾಳೋ ಎಂದು ನಿಜವಾಗಿ ಹೆದರಿಕೆಯಾಗಿತ್ತು. ಅದಕ್ಕೇ ಮೊಬೈಲು ಕಿತ್ತುಕೊಂಡು, ವಿಜ್ಞಾನ ಹೇಳಿಕೊಟ್ಟು ನಿವೃತ್ತರಾಗಿದ್ದ ಈ ಮಿಸ್ಸಿನ ಹತ್ತಿರ ಕಳಿಸಿದರೆ, ಇಲ್ಲೂ ಅದೇ ಕಾರ್ಟೂನು!

ಜಗಳಕ್ಕೆಂದೇ ಒಳಗೆ ನುಗ್ಗಿದೆ. “ಬನ್ನಿ ಟೀಚರ್, ಕೂತ್ಕಳಿ. ಸುಳ್ಳು ಹುಡುಕ್ತಾ ಇದ್ದೀವಿ” ಅಂದರು ಮಿಸ್ಸು, ತಿರುಗಿಯೂ ನೋಡದೆ.

ಪರದೆಯ ಮೇಲೆ ಎತ್ತರದ ಗೋಪುರದಿಂದ ಒಬ್ಬಳು ಬೀಳುತ್ತಿದ್ದಳು. ಇನ್ನೇನು ನೆಲಕ್ಕೆ ಅಪ್ಪಳಿಸಬೇಕು, ಅಷ್ಟರಲ್ಲಿ ನಾಯಕ ಎರಡೂ ಕೈ ಚಾಚಿ ಹಿಡಿದ. ಕಪ್ಪು ಉಗುರು ಗುಂಡಿ ಒತ್ತಿತು, ಚಿತ್ರ ನಿಂತಿತು.

“ಎಲ್ಲದೆ ಸುಳ್ಳು, ಹುಡ್ಕಿ.”

“ಸುಳ್ಳೇನಿದೆ ಮಿಸ್ಸು? ಹಿಡ್ಕೊಂಡ್ನಲ್ಲ, ಬದುಕಿದ್ಳು” ಅಂದಳು ನನ್ನ ಮಗಳು.

“ಬದುಕ್ತಾಳಾ? ಬಾ, ನೋಡನ.”

ಮಿಸ್ಸು ಟೊಮೆಟೊ ಬುಟ್ಟಿ ಹಿಡಿದು ತಾರಸಿ ಹತ್ತಿದರು. ಜಗಳಕ್ಕೆ ಬಂದ ನಾನು ಕೆಳಗೆ ಅಂಗಳದಲ್ಲಿ ಹಲಗೆ ಹಿಡಿದು ನಿಂತಿದ್ದೆ. ಹೇಗೆ ಒಪ್ಪಿಕೊಂಡೆನೋ ಗೊತ್ತಿಲ್ಲ. ಹಲಗೆಗೆ ಬಿದ್ದ ಟೊಮೆಟೊ ಒಡೆದು ನನ್ನ ಸೀರೆಗೆಲ್ಲ ಸಿಡಿಯಿತು. ಆಮೇಲೆ ಮಕ್ಕಳು ಹಳೇ ಸೀರೆಯೊಂದನ್ನು ನಾಲ್ಕೂ ಮೂಲೆ ಸಡಿಲವಾಗಿ ಹಿಡಿದರು. ಅದಕ್ಕೆ ಬಿದ್ದ ಟೊಮೆಟೊ ಹಾಗೇ ಇತ್ತು. “ನೆಲದ ತಪ್ಪಲ್ಲ ಕಣಮ್ಮಿ, ತಟ್ಟಂತ ನಿಂತದ್ದರ ತಪ್ಪು. ಅಲ್ಲಾಡದೆ ಹಿಡಿದ್ರೆ ಅವನ ಕೈಯೂ ಒಂದೇ, ಕಲ್ಲೂ ಒಂದೇ” ಎಂದು ಮಿಸ್ಸು ಮೇಲಿನಿಂದ ಕೂಗಿದರು. ಮಗಳು ಹಲಗೆಯನ್ನೂ ಸೀರೆಯನ್ನೂ ತಿರುಗಿ ತಿರುಗಿ ನೋಡುತ್ತಿದ್ದಳು.

ಸೀರೆ ಒರೆಸಿಕೊಳ್ಳುತ್ತಲೇ ನಾನು ಬಿಡಲಿಲ್ಲ. “ಇಷ್ಟು ಮಕ್ಕಳು ಕಾರ್ಟೂನು ನೋಡ್ತಾರಲ್ಲ ಮಿಸ್ಸು, ಅಷ್ಟೂ ಜನಕ್ಕೆ ನಿಲ್ಲಿಸಿ ತೋರಿಸೋಕೆ ನೀವೆಲ್ಲಿಂದ ಬರ್ತೀರ?”

“ನಂಗೂ ಅದೇ ಅನುಮಾನ ಟೀಚರ್. ಕಾರ್ಟೂನು ಪಾಠ ಮಾಡಲ್ಲ. ಮಕ್ಕಳನ್ನ ಅಲ್ಲಾಡದಂಗೆ ಕೂರಿಸ್ತದೆ, ಅಷ್ಟೆ. ಮಿಕ್ಕಿದ್ದು ನಮ್ಮ ಕೆಲಸ” ಅಂದರು. ಆ ಮಾತಿಗೆ ನಾನು ಮಗಳನ್ನು ಟ್ಯೂಷನ್ನಿನಿಂದ ಬಿಡಿಸಲಿಲ್ಲ.

ಅನುಮಾನ ಅವರ ರಕ್ತದಲ್ಲೇ ಇತ್ತು. ಹಾಲು ಕೊಂಡರೆ ನೀರು ಬೆರೆಸಿದ್ದಾರೋ ಎಂದು ಒಂದು ತೊಟ್ಟನ್ನು ತಟ್ಟೆಯ ಮೇಲೆ ಓಡಿಸಿ ನೋಡುವರು. ಈರುಳ್ಳಿ ಚೀಲದ ತಳಕ್ಕೆ ಕೈ ಹಾಕದೆ ಬೆಲೆಯ ಮಾತೇ ಆಡರು. ಹರವೆ ಊರಿನಲ್ಲಿ ಮಳೆಯಂತೆ ಎಂದು ನಾನಂದರೆ, “ನೀವು ನೋಡಿದ್ರೋ, ಯಾರಾದ್ರೂ ಅಂದ್ರೋ?” ಎಂದು ನನ್ನನ್ನೇ ಕೇಳುವರು. ಇಂಥವರ ಜೊತೆ ನೆಮ್ಮದಿಯಾಗಿ ಹರಟೆ ಹೊಡೆಯುವುದು ಹೇಗೆ? ಎಷ್ಟೋ ಸಲ ರೇಗಿಹೋಗುತ್ತಿತ್ತು.

ಅವರೂ ಎಡವುತ್ತಿದ್ದರು. ಒಂದು ಕಾರ್ಟೂನಿನಲ್ಲಿ ಕತ್ತಲಲ್ಲಿ ನೀರು ನೀಲಿಯಾಗಿ ಹೊಳೆಯಿತು. ಮಿಸ್ಸು ಇದು ಸುಳ್ಳು ಅಂದುಬಿಟ್ಟರು. ಟ್ಯೂಷನ್ನಿಗೆ ಬರುತ್ತಿದ್ದ ಬೇಕರಿಯವರ ಹುಡುಗಿ, ಕೇರಳದವಳು, ಎದ್ದು ನಿಂತು “ನಮ್ಮ ಅಜ್ಜಿ ಊರಲ್ಲಿ ನಾನೇ ನೋಡಿದ್ದೀನಿ ಮಿಸ್ಸು. ಹಿನ್ನೀರಿಗೆ ಕೈ ಹಾಕಿದ್ರೆ ಮಿಂಚ್ತದೆ” ಅಂದಳು. ಮಿಸ್ಸು ಆ ರಾತ್ರಿಯೆಲ್ಲ ಪುಸ್ತಕ ತಿರುವಿ, ಮರುದಿನ ಅವಳ ಅಪ್ಪನ ಅಂಗಡಿಯಿಂದಲೇ ಬನ್ನು ತಂದು ಎಲ್ಲರಿಗೂ ಹಂಚಿದರು. “ನನ್ನ ಸುಳ್ಳು ಸಿಕ್ಕಿಬಿತ್ತು ಕಣ್ರಮ್ಮಿ” ಎಂದು ಅವರು ನಕ್ಕಾಗ, ನಾನು ಅವರನ್ನು ಪೂರ್ತಿ ಒಪ್ಪಿಕೊಂಡೆ.

ಮಗಳು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಮಿಸ್ಸಿನ ಎದೆಯಲ್ಲಿ ಗಂಟು ಕಾಣಿಸಿತು. ಮೈಸೂರಿನ ಡಾಕ್ಟರು ಬೇಗ ಆಪರೇಷನ್ ಆಗಬೇಕೆಂದರು. ಮಿಸ್ಸು ಇವತ್ತು ನಾಳೆ ಎನ್ನತೊಡಗಿದರು. ಅಷ್ಟರಲ್ಲಿ ಚಂದಕವಾಡಿಯಿಂದ ಅವರ ತಮ್ಮ ಒಂದು ಪುಡಿಯ ಡಬ್ಬಿ ಹಿಡಿದು ಬಂದ.

“ಕೊಯ್ಸಾದೆಲ್ಲಾ ಬ್ಯಾಡ ಕಣಕ್ಕ. ಇದ ತಕಂಡ್ರೆ ಗಂಟು ಕರಗೋಯ್ತದಂತೆ. ಮೊಬೈಲ್ನಲ್ಲೇ ತೋರುಸ್ತಾವ್ರೆ, ನೋಡು.”

ನಾನೂ ಮಗಳೂ ಅಲ್ಲೇ ಇದ್ದೆವು. ಮೊಬೈಲಿನಲ್ಲಿ ಬಿಳಿ ಕೋಟಿನವನೊಬ್ಬ ಮಾತಾಡುತ್ತಿದ್ದ. ಆಮೇಲೆ ಬಣ್ಣದ ಕಾರ್ಟೂನು ಬಂತು. ಪುಡಿ ಹಸಿರು ಸೈನಿಕರಾಗಿ ಮೈಯೊಳಗೆ ನುಗ್ಗಿ ಕಪ್ಪು ಗಂಟನ್ನು ಕುಟ್ಟಿ ಕರಗಿಸುತ್ತಿತ್ತು. ಕೊನೆಗೆ ಒಬ್ಬ ಹೆಂಗಸಿನ ಎರಡು ಚಿತ್ರ: ಮೊದಲು ಬಡಕಲು, ಆಮೇಲೆ ನಗುಮುಖ. ಮಿಸ್ಸು ಒಂದು ಸಲವೂ ನಿಲ್ಲಿಸದೆ ಕೊನೆಯವರೆಗೂ ನೋಡಿದರು. ನೋಡಿ ಮೊಬೈಲನ್ನು ನನ್ನ ಮಗಳ ಕೈಗೆ ಕೊಟ್ಟರು.

“ಎಲ್ಲದೆ ಸುಳ್ಳು, ಹುಡ್ಕು.”

ಧ್ವನಿಯಲ್ಲಿ ಎಂದಿನ ಕೆಚ್ಚಿರಲಿಲ್ಲ. ಸುಳ್ಳೇ ಇಲ್ಲ ಅಂದುಬಿಡಲಿ ಎಂಬ ಆಸೆ ಅವರ ಮುಖದಲ್ಲಿತ್ತು. ನನಗೂ ಒಳಗೊಳಗೆ ಅದೇ ಆಸೆ. ಮಗಳು ನನ್ನ ಮುಖ ನೋಡಿದಳು, ಮಿಸ್ಸಿನ ಮುಖ ನೋಡಿದಳು. ಕೊನೆಯ ಚಿತ್ರಕ್ಕೆ ಹೋಗಿ ನಿಲ್ಲಿಸಿದಳು.

“ಕಿವಿ ನೋಡಿ ಮಿಸ್ಸು. ಮೊದಲ್ನೇ ಅಮ್ಮಂಗೆ ಮೇಲ್ಗಿವಿ ಚುಚ್ಚಿದೆ. ಎರಡ್ನೇ ಅಮ್ಮಂಗೆ ಇಲ್ಲ. ಇವ್ರು ಬೇರೆ ಯಾರೋ” ಎಂದು ಹೇಳಿ, ಮೊಬೈಲು ಕೆಳಗಿಟ್ಟು ಬಿಕ್ಕಿಬಿಕ್ಕಿ ಅತ್ತಳು.

ಮಿಸ್ಸು ಅವಳ ತಲೆ ಸವರಿದರು. “ನಂಗೂ ಕಂಡಿತ್ತು ಕಣಮ್ಮಿ. ನಿಂಗಾದ್ರೂ ಕಾಣ್ದೆ ಇರ್ಲಿ ಅಂತ ಕೊಟ್ಟೆ” ಅಂದರು. ತಮ್ಮನ ಕಡೆ ತಿರುಗಿ, “ನಾಳೆ ಮೈಸೂರಿಗೆ ಹೋಗನ ನಡಿ” ಅಂದರು.

ಆಪರೇಷನ್ ಆಯಿತು. ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿ ಚಾಮರಾಜನಗರದ ಹಾಸ್ಟೆಲು ಸೇರಿ ಪಿಯುಸಿ ಓದುವುದನ್ನು ನೋಡುವಷ್ಟು ಕಾಲ ಮಿಸ್ಸು ಬದುಕಿದರು. ಕಾರ್ಟೂನಿನಿಂದ ವಿಜ್ಞಾನ ಬರುತ್ತದೆ ಎಂದು ನಾನು ಇವತ್ತಿಗೂ ನಂಬುವುದಿಲ್ಲ. ನನ್ನ ಮಗಳಿಗೆ ಏನು ಬಂತೋ ಅದು ಆ ಹೆಂಗಸಿನಿಂದ ಬಂತು. ಆ ಋಣ ನನ್ನ ಮೇಲಿದೆ.

ಹೋದ ಮಾಗಿಯಲ್ಲಿ ಒಂದು ಬೆಳಿಗ್ಗೆ ಮಿಸ್ಸು ಏಳಲಿಲ್ಲ. ನಮ್ಮ ಕಡೆ ದೂರದಲ್ಲಿರುವವರಿಗೆ ಸಾವನ್ನು ನೇರವಾಗಿ ಹೇಳುವುದಿಲ್ಲ. ಒಬ್ಬರೇ ಬಸ್ಸಿನಲ್ಲಿ ಬರಬೇಕಲ್ಲ, ದಾರಿಯಲ್ಲಿ ತಡೆದುಕೊಳ್ಳಲಾರರು ಎಂದು ಸೀರಿಯಸ್ ಅನ್ನುತ್ತೇವೆ. ನಾನೂ ಮಗಳಿಗೆ ಫೋನು ಮಾಡಿ, “ಮಿಸ್ಸಿಗೆ ಸ್ವಲ್ಪ ಸೀರಿಯಸ್ಸು, ಬೇಗ ಮನೆಗೆ ಬಾ” ಅಂದೆ.



“ಸೀರಿಯಸ್ ಆಗಿದ್ರೆ ಆಸ್ಪತ್ರೆಗೆ ಬಾ ಅಂತಿದ್ದೆ, ಮನೆಗೆ ಅಂತಿರ್ಲಿಲ್ಲ” ಅಂದಳು. “ಯಾವಾಗ ಹೋದ್ರಮ್ಮ?”

ನಾನು ನಿಜ ಹೇಳಿದೆ.