ಆಯಿಯ ಕುಂಕುಮ ನುಂಗಿದ ಕೆಂಪು ಗಾಜು

ಜಮಖಂಡಿಯ ನಮ್ಮ ಮನೆಯಲ್ಲಿ ಬಚ್ಚಲಿನ ಪಕ್ಕ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಬಾಗಿಲು ಹಾಕಿಕೊಂಡರೆ ನಿಮ್ಮ ಮೂಗು ನಿಮ್ಮದೇ ಹೌದೋ ಅಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು, ಅಷ್ಟು ಕತ್ತಲೆ. ಅಜ್ಜ ಸ್ಟುಡಿಯೋ ನಡೆಸುತ್ತಿದ್ದ ಕಾಲದಲ್ಲಿ ಮುಧೋಳದಿಂದ ಬೀಳಗಿಯವರೆಗಿನ ಅರ್ಧ ಜನರ ಮುಖ ಈ ಕೋಣೆಯ ಫೋಟೋ ತೊಳೆಯುವ ತಟ್ಟೆಗಳಲ್ಲಿ ತೇಲಿ ಮೇಲೆ ಬಂದಿತ್ತು. ಉಳಿದರ್ಧ ಜನ ಫೋಟೋ ತೆಗೆಯುವಾಗ ಕಣ್ಣು ಮುಚ್ಚಿದ್ದರಂತೆ.

ಈಗ ಸ್ಟುಡಿಯೋ ಕಾಕಾನದು, ಅಂದರೆ ನನ್ನ ಅಪ್ಪನ ತಮ್ಮನದು. ಪೂರ್ತಿ ಡಿಜಿಟಲ್. ಕಳೆದ ವರ್ಷ ಒಂದು ಪ್ರಿಂಟರ್ ತಂದ. ಅದರ ಗಾತ್ರ ನೋಡಿ ಓಣಿಯ ಎಮ್ಮೆಯೊಂದು ಸಂಬಂಧಿಕರು ಬಂದರೆಂದು ಒದರಿತು. ಸ್ಟುಡಿಯೋದ ಬಾಗಿಲಲ್ಲಿ ಹಿಡಿಯಲಿಲ್ಲ. ಹಾಗಾಗಿ ಮನೆಯ ಕತ್ತಲೆಕೋಣೆ ಖಾಲಿ ಮಾಡಿ ಅಲ್ಲಿಡುತ್ತೇನೆ ಎಂದ.

ಆ ಕೋಣೆ ನನ್ನದು. ಪಿಯುಸಿ ಓದುತ್ತ, ಅಜ್ಜನ ಬೆನ್ನು ಹತ್ತಿ, ಫಿಲ್ಮ್ ತೊಳೆಯುವುದನ್ನೂ ಪ್ರಿಂಟ್ ಹಾಕುವುದನ್ನೂ ಕಲಿತಿದ್ದೆ. ಕಲಿತದ್ದಕ್ಕಿಂತ ಹೆಚ್ಚು ಕಾಲೇಜಿನಲ್ಲಿ ಹೇಳಿಕೊಂಡು ತಿರುಗಿದ್ದೆ. ಚುರುಮುರಿ ತಟ್ಟೆ ಹಿಡಿದು ಆ ಕೋಣೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

"ಏಳ ಬೇ. ಫಿಲ್ಮ್ ಸತ್ತ ಎಷ್ಟೋ ವರ್ಷ ಆತು. ಹೆಣಾ ಕಾಯಾಕತ್ತಿ ಏನ?" ಎಂದ ಕಾಕಾ.

"ನಿನ್ನ ಕ್ಯಾಮರಾ ಕಪ್ಪು-ಬಿಳಿ ಫೋಟೋ ತಗೀತೈತೇನ ಕಾಕಾ? ಬಣ್ಣದ್ದ ತಗದು ಬಣ್ಣಾ ತೊಳಿತೀ, ಅಷ್ಟ."

ಜಗಳ ಚುರುಮುರಿ ಮುಗಿಯುವವರೆಗೂ ನಡೆಯಿತು. ಕೊನೆಗೆ ಅಜ್ಜನೇ ತೀರ್ಮಾನ ಕೊಟ್ಟ. ಇಬ್ಬರೂ ಆಯಿಯ ಕಪ್ಪು-ಬಿಳಿ ಫೋಟೋ ತೆಗೆಯಬೇಕು. ಆಯಿ ಎಂದರೆ ನಮ್ಮ ಅಜ್ಜಿ. ಅವಳು ಯಾವುದನ್ನು ಪಡಸಾಲೆಯಲ್ಲಿ ತೂಗುಹಾಕು ಎನ್ನುತ್ತಾಳೋ ಅವರಿಗೆ ಕೋಣೆ.

ಆಯಿ ಸೆರಗು ಸರಿಮಾಡಿಕೊಳ್ಳುವ ಮೊದಲೇ ಕಾಕಾನ ಕ್ಯಾಮರಾ ಜಿಟಿಜಿಟಿ ಮಳೆಯಂತೆ ಶುರುವಾಯಿತು. ಸಂಜೆಗೆ ಪ್ರಿಂಟ್ ಬಂತು. ಕಾಕಾ ಪ್ರೀತಿಯಿಂದ ಸುಕ್ಕುಗಳನ್ನೆಲ್ಲ ಇಸ್ತ್ರಿ ಮಾಡಿದ್ದ. ಹುಬ್ಬಿನ ನಡುವಿನ ಹಚ್ಚೆಯನ್ನು ಕಲೆ ಎಂದು ತಿಳಿದು ಒರೆಸಿದ್ದ. ಆಯಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಇಕಿ ಯಾರ ಮನಿ ಸೊಸಿ ಎಂದು ಕೇಳಿದಳು.

ಅಲ್ಲಿಗೆ ನಾನು ಗೆದ್ದಂತೆಯೇ. ಆದರೆ ಬರಿದೇ ಗೆದ್ದರೆ ನಾನೆಂಥವಳು? ಅಜ್ಜನ ಡಬ್ಬಿಯಲ್ಲಿ ಲೆನ್ಸಿನ ಮುಂದೆ ಸಿಕ್ಕಿಸುವ ಬಣ್ಣದ ಗಾಜುಗಳಿದ್ದವು. ಕೆಂಪು ಗಾಜು ಹಾಕಿದರೆ ನೀಲಿ ಆಕಾಶ ಕಪ್ಪಗೆ ಗುಡುಗುವಂತೆ ಬರುತ್ತದೆ ಎಂದು ಗೊತ್ತಿತ್ತು. ಗೆಳತಿಯರನ್ನೆಲ್ಲ ಕರೆದು, ಆಯಿಯನ್ನು ಮಾಳಿಗೆಯ ಮೇಲೆ ಕೂರಿಸಿ, ಬೆಳಕು ಅಳೆದು, ಕುತ್ತಿಗೆ ತಿರುಗಿಸಿ, ಮತ್ತೆ ಅಳೆದೆ. ಇಷ್ಟು ಹೊತ್ತಿನಲ್ಲಿ ಗಲಗಲಿಯ ತವರಿಗೆ ಹೋಗಿ ಹೊಳೆಯಲ್ಲಿ ಮಿಂದು ಬರುತ್ತಿದ್ದೆ ಎಂದು ಆಯಿ ಗೊಣಗಿದಳು.

ಪ್ರಿಂಟ್ ಒಣಗಿತು. ಆಕಾಶವೇನೋ ಗುಡುಗುತ್ತಿತ್ತು. ಒಂದೊಂದು ಸುಕ್ಕೂ ಇತ್ತು, ಹಚ್ಚೆಯೂ ಇತ್ತು. ಚೌಕಟ್ಟಿಗೆ ಹಾಕಿ ಎಲ್ಲರೆದುರು ಕೊಟ್ಟೆ. ಆಯಿ ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲಾಚೆ ಕುಳಿತಿದ್ದ ಅಜ್ಜನನ್ನು ಕರೆದಳು.

"ಏನ್ರಿ, ಅದೀರಿಲ್ರಿ?"

ಎಲ್ಲರೂ ಬಗ್ಗಿ ನೋಡಿದೆವು. ಫೋಟೋದ ಹಣೆ ಬೋಳಾಗಿತ್ತು. ಆಯಿಯ ಕುಂಕುಮವೆಂದರೆ ಸಣ್ಣದಲ್ಲ, ಹೊಳೆಯ ಆಚೆ ದಂಡೆಯಿಂದಲೂ ಕಾಣುವಂಥದು. ಅದು ಅಳಿಸಿದಂತೆಯೂ ಇರಲಿಲ್ಲ. ಇರಲೇ ಇಲ್ಲ ಎಂಬಂತೆ ಮಾಯವಾಗಿತ್ತು. ಗಂಡ ಚಹಾ ಕುಡಿಯುತ್ತ ಕುಳಿತಿರುವಾಗಲೇ ನಾನು ಅವಳನ್ನು ವಿಧವೆ ಮಾಡಿದ್ದೆ.

ಕಾಕಾ ನಕ್ಕು ನಕ್ಕು ಕಂಬ ಹಿಡಿದುಕೊಂಡ. ತನ್ನದರಲ್ಲಾಗಿದ್ದರೆ ಮೌಸಿನಿಂದ ಒಂದು ಬೊಟ್ಟು ಇಟ್ಟರಾಯಿತು, ನಿನ್ನ ಫಿಲ್ಮಿನಲ್ಲಿ ಏನು ಮಾಡುತ್ತೀ ಎಂದ. ನಾನೂ ಇಡಬಲ್ಲೆ ಎಂದು ದೇವರ ಜಗುಲಿಯಿಂದ ಕುಂಕುಮದ ಭರಣಿ ತಂದು, ಫೋಟೋದ ಗಾಜಿನ ಮೇಲೆ, ಸರಿಯಾಗಿ ಹಣೆ ಇರುವಲ್ಲಿ, ಒತ್ತಿ ಇಟ್ಟೆ.

ಎಲ್ಲರ ಕಣ್ಣು ಗೋಡೆಯತ್ತ ಹೋಯಿತು. ನಮ್ಮ ಪಡಸಾಲೆಯಲ್ಲಿ ಗಾಜಿನ ಮೇಲೆ ಕುಂಕುಮ ಇಟ್ಟ ಫೋಟೋಗಳು ಸಾಲಾಗಿವೆ. ಅವೆಲ್ಲ ತೀರಿಹೋದ ಮುತ್ತೈದೆಯರವು.

ಅಜ್ಜ ಚಹಾದ ಕಪ್ಪು ಕೆಳಗಿಟ್ಟ. "ಮೊದಲ ನನ್ನ ಕಳಿಸಿದಿ, ಈಗ ಆಕಿನ್ನೂ ಕಳಿಸಿದಿ. ಮನಿ ಖಾಲಿ ಆತು. ಮಷಿನ್ ಎಲ್ಲಿ ಬೇಕಾದ್ರೂ ಇಡ್ರಿ."

ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಸೋತು ಅಲ್ಲ, ಒಳಗೆ ನಾನಿದ್ದರೆ ಪ್ರಿಂಟರ್ ಹೇಗೆ ಬರುತ್ತದೆ, ನೋಡೇಬಿಡೋಣ ಎಂದು. ಪ್ರಿಂಟ್ ಹಾಕುವಾಗ ಹಚ್ಚುವ ಕೆಂಪು ಬಲ್ಬ್ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಆಯಿ ರೊಟ್ಟಿ ಹಿಡಿದು ಬಾಗಿಲು ಬಡಿದಳು. ತೆರೆದು ಒಳಗೆ ಕರೆದೆ, ಮತ್ತೆ ಚಿಲಕ ಹಾಕಿದೆ, ಅವಳ ಮುಖ ನೋಡಿದೆ. ಹಣೆ ಬೋಳು. ಬಾಗಿಲು ತೆರೆದೆ. ಕುಂಕುಮ ಅಲ್ಲೇ ಇತ್ತು. ಮುಚ್ಚಿದೆ. ಇಲ್ಲ. ರೊಟ್ಟಿ ತಿನ್ನದೆ ಕದ ಆಡಿಸುವ ಹುಡುಗಿಗೆ ದೃಷ್ಟಿ ತೆಗೆಯಬೇಕು ಎಂದಳು ಆಯಿ.

ಕೆಂಪು ಬೆಳಕಿನಲ್ಲಿ ಕೆಂಪು ಕುಂಕುಮ ಚರ್ಮದೊಳಗೆ ಕರಗಿಹೋಗುತ್ತಿತ್ತು. ನನ್ನ ಕೆಂಪು ಗಾಜು ಮಾಡಿದ್ದೂ ಇದೇ ಕೆಲಸ. ಹಾಗಾದರೆ ಕೆಂಪನ್ನು ಒಳಗೆ ಬಿಡದ ಹಸಿರು ಗಾಜು ಹಾಕಿದರೆ?

ಹೊರಗೆ ಬಂದು ಇನ್ನೊಮ್ಮೆ ತೆಗೆಯುತ್ತೇನೆ ಎಂದೆ. ಪಂದ್ಯ ಮುಗೀತು ಎಂದ ಕಾಕಾ.

"ನೀ ಬಟನ್ ಒತ್ತಿ ಒತ್ತಿ ಆಯಿ ಕಣ್ಣ ಕುಕ್ಕುವಷ್ಟ ತಗದಿ. ನಾ ಎರಡನೇದ್ದ ತಗದ್ರ ನಿನಗ ಉರಿ ಏನ?"

ಮರುದಿನ ಹಸಿರು ಗಾಜು ಹಾಕಿ ತೆಗೆದೆ. ಆಕಾಶದ ಗೊಡವೆಗೆ ಹೋಗಲಿಲ್ಲ. ಫಿಲ್ಮ್ ತೊಳೆದು ಒಣಗಿಸಿ, ಆಯಿಯನ್ನೂ ಕತ್ತಲೆಕೋಣೆಗೆ ಕರೆದೊಯ್ದೆ. ಫಿಲ್ಮಿನ ಮೂಲಕ ಬೆಳಕು ತೋರಿಸಿದ ಕಾಗದವನ್ನು ಡೆವಲಪರ್ ನೀರಿಗೆ ಇಳಿಸಿ ತಟ್ಟೆ ಅಲುಗಾಡಿಸುತ್ತ ನಿಂತೆ. ಕಾಗದ ಬೆಳ್ಳಗೇ ಇತ್ತು. ಇನ್ನಷ್ಟು ಅಲುಗಾಡಿಸಿದೆ.

ಮೊದಲು ಕಣ್ಣು ಬರಲಿಲ್ಲ, ಕೂದಲೂ ಬರಲಿಲ್ಲ. ಖಾಲಿ ಬಿಳಿಯ ನಡುವೆ ದುಂಡಗೆ, ಕಪ್ಪಗೆ, ಒಂದೇ ಒಂದು ಬೊಟ್ಟು ಮೂಡಿತು. ಆಮೇಲೆ ಅದರ ಸುತ್ತ ನಿಧಾನವಾಗಿ ಹುಬ್ಬು, ಕಣ್ಣು, ಹಚ್ಚೆ, ಸುಕ್ಕು. ತಟ್ಟೆಯ ಮೇಲೆ ಬಾಗಿದ್ದ ಆಯಿಯ ಹಣೆ ಆ ಕೆಂಪು ಬೆಳಕಿನಲ್ಲಿ ಇನ್ನೂ ಬೋಳೇ. ಕಾಗದದ ಮೇಲಿನ ಹಣೆ ತುಂಬಿತ್ತು.

ಆಯಿ ಬಾಗಿಲಿನತ್ತ ತಿರುಗಿ ಗಟ್ಟಿಯಾಗಿ ಹೇಳಿದಳು. "ಏನ್ರಿ, ಅದೀರಿ ಬಿಡ್ರಿ."

ಪ್ರಿಂಟರ್ ಈಗ ಪಡಸಾಲೆಯಲ್ಲಿ, ಆ ಫೋಟೋದ ಕೆಳಗೇ ಇದೆ. ಅದರ ಬೆನ್ನು ಬೆಚ್ಚಗಿರುತ್ತದೆಂದು ಆಯಿ ಮೇಲೆ ಸಂಡಿಗೆ ಹರವುತ್ತಾಳೆ. ಕಾಕಾ ಅಲ್ಲಿಂದಲೇ, ಆ ಕುಂಕುಮವನ್ನು ತಾನು ಕಂಪ್ಯೂಟರಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಕಪ್ಪು ಮಾಡಬಲ್ಲೆ ಎನ್ನುತ್ತಿರುತ್ತಾನೆ. ಖರೆ, ಮಾಡಬಲ್ಲ. ಆದರೂ ನಾನು ಕೋಣೆ ಬಿಡುವುದಿಲ್ಲ.