ಅಡುಗೆಕಟ್ಟೆಯ ಎತ್ತರ

ಬೆಳಕು ಹರಿಯುವ ಮೊದಲು ಅವಳು ಹಾಲು ಕಾಯಿಸಿ, ಮೂರು ಡಬ್ಬಿಗೆ ಊಟ ತುಂಬಿ, ಅತ್ತೆಯ ಮಾತ್ರೆಗಳನ್ನು ಬೆಳಿಗ್ಗೆಯದು ರಾತ್ರಿಯದು ಎಂದು ಬೇರೆ ಮಾಡಿ, ನೀರಿನ ಮೋಟರ್ ಹಾಕಿ, ತೊಟ್ಟಿ ತುಂಬಿ ಹರಿಯುವ ಮುಂಚೆ ನಿಲ್ಲಿಸಿ, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ, ಗಂಡನ ಒಂಟಿ ಕಾಲುಚೀಲದ ಜೋಡಿಯನ್ನು ಮಂಚದ ಕೆಳಗಿಂದ ಎಳೆದು ಇಟ್ಟಿರುತ್ತಿದ್ದಳು. ಅಡುಗೆಮನೆಯ ಕೆಲಸವನ್ನೆಲ್ಲ ಮಾಡುತ್ತಿದ್ದುದು ಒಂದು ದಪ್ಪ ಹಲಗೆಯ ಮೇಲೆ ನಿಂತು.

ಮನೆ ಕಟ್ಟುವಾಗ ಅವಳು ಬಾಣಂತಿ. ಅಡುಗೆಕಟ್ಟೆ ಎಷ್ಟು ಎತ್ತರ ಇರಲಿ ಎಂದು ಮೇಸ್ತ್ರಿ ಕೇಳಿದಾಗ ಎದುರಿಗಿದ್ದವನು ಆರಡಿಯ ಗಂಡ. ಮೇಸ್ತ್ರಿ ಅವನ ಸೊಂಟಕ್ಕೇ ಟೇಪು ಹಿಡಿದು ಕಟ್ಟಿಬಿಟ್ಟ. ಹದಿನಾರು ವರ್ಷದಲ್ಲಿ ಆ ಸೊಂಟ ಆ ಕಟ್ಟೆಗೆ ಒರಗಿದ್ದು "ಟೀ ಆಯ್ತಾ?" ಎಂದು ಕೇಳುವುದಕ್ಕೆ ಮಾತ್ರ.

ಅವಳು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಊರಿನ ಪಾರ್ಕು, ಚೌಕ, ಕಾಲುದಾರಿಗಳ ನಕ್ಷೆ ಬರೆಯುವವಳು. ಕಚೇರಿಯಲ್ಲಿ ಅವಳ ಹೆಸರು 'ಮೊಣಕಾಲು ಮೇಡಂ'. ಬೆಂಚಿನ ಎತ್ತರ ನಿರ್ಧರಿಸುವ ಮುಂಚೆ ಬಸ್ ನಿಲ್ದಾಣದಲ್ಲಿ ಮುದುಕಿಯರ ಮುಂದೆ ಕುಕ್ಕರಗಾಲಲ್ಲಿ ಕೂತು, ಪಾದದಿಂದ ಮೊಣಕಾಲಿಗೆ ಟೇಪು ಹಿಡಿಯುತ್ತಿದ್ದಳು.

"ಯಾಕಮ್ಮ, ಪ್ಯಾಂಟ್ ಹೊಲಿಸಿ ಕೊಡ್ತೀಯಾ?" ಎಂದಿದ್ದಳು ಒಬ್ಬಳು.

ಅವಳ ಬೆಂಚುಗಳಿಂದ ಯಾರೂ ನರಳುತ್ತ ಏಳಬೇಕಿರಲಿಲ್ಲ.

ಈಗ ಕೆರೆದಂಡೆಯ ದೊಡ್ಡ ಪಾರ್ಕು ಅವಳ ಪಾಲಿಗೆ ಬಂದಿತ್ತು. ಹತ್ತು ವರ್ಷ ಕಾದ ಕೆಲಸ. ಬಿಸಿಲೇರುವ ಮೊದಲೇ ಗಿಡ ನೆಡಬೇಕು. ಹಾಗಾಗಿ ಮೂರು ತಿಂಗಳು ಬೆಳಿಗ್ಗೆ ಆರಕ್ಕೆ ಅವಳು ಅಲ್ಲಿರಬೇಕು. "ನಾಳೆ ಆರಕ್ಕೆ ನೀವು ಕಾಣ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಟ್ಬಿಡ್ತೀನಿ ಮೇಡಂ," ಎಂದಿದ್ದರು ಮೇಲಧಿಕಾರಿ.

ಆ ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದಳು.

"ಧಾರಾಳವಾಗಿ ಹೋಗು. ನಾನ್ಯಾವತ್ತಾದ್ರೂ ಬೇಡ ಅಂದಿದೀನಾ?" ಎಂದ ಗಂಡ. "ಆದ್ರೆ ಬೆಳಿಗ್ಗೆದೆಲ್ಲಾ ಯಾರು ನೋಡ್ಕೋತಾರೆ?"

"ನೀವೇ ರೀ."

"ನಂಗೆ ಆ ಅಡುಗೆಮನೇಲಿ ಕೈಕಾಲೇ ಆಡಲ್ಲ ಕಣೇ. ಅಲ್ಲಿ ಎಲ್ಲಾ ನಿನ್ನ ಅಳತೆಗಿದೆ."

ಅತ್ತೆಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಮಗಳು ಕಿಸಕ್ಕನೆ ನಕ್ಕಳು. "ಅಪ್ಪಾ, ಹಲಗೆ ಹತ್ತದೆ ಇದ್ರೆ ಅಮ್ಮಂಗೆ ಪಾತ್ರೆ ಒಳಗೇನಿದೆ ಅಂತ್ಲೇ ಕಾಣಲ್ಲ!"

"ಮತ್ತೆ? ಹಲಗೆ ಹಾಕ್ಕೊಂಡು ಅವಳ ಅಳತೆಗೆ ಮಾಡ್ಕೊಂಡಿಲ್ವಾ? ಅದನ್ನೇ ನಾನು ಹೇಳಿದ್ದು," ಎಂದ ಗಂಡ, ಸೋಲೊಪ್ಪದೆ.

"ಕಟ್ಟೆ ಕಟ್ಸಿದ್ದು ಯಾರೋ ಮಹಾರಾಯ?" ಎಂದು ಅತ್ತೆ ಕೆಮ್ಮಿನ ನಡುವೆಯೇ ಗೊಣಗಿದಳು. ಗಂಡ ಮಜ್ಜಿಗೆಯತ್ತ ಕೈ ಚಾಚಿದ.

ಮರುದಿನ ಬೆಳಗಿನ ಜಾವ ಅವಳು ಎಂದಿನಂತೆ ಎದ್ದಳು. ಅತ್ತೆಯ ಮಾತ್ರೆಗಳನ್ನು ಬೇರೆ ಮಾಡಿಟ್ಟಳು, ಮುದುಕಿಯದೇನೂ ತಪ್ಪಿರಲಿಲ್ಲ. ಹಾಲಿನ ಪಾತ್ರೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದಳು. ಒಳಗೆ ಗೊರಕೆ ಸಾಗಿತ್ತು. ಯಾರನ್ನೂ ಎಬ್ಬಿಸಲಿಲ್ಲ, ಯಾರನ್ನೂ ಕೇಳಲಿಲ್ಲ.

ಅಲ್ಲಿ ಕೆರೆದಂಡೆಯ ತುಂಬ ಕೆಸರಿರುತ್ತದೆ. ನಿಂತು ಕೆಲಸ ನೋಡಲು ಕಾಲಡಿಗೆ ಏನಾದರೂ ಬೇಕಲ್ಲ. ಬಗ್ಗಿ, ಅಡುಗೆಕಟ್ಟೆಯ ಮುಂದಿನ ಹಲಗೆಯನ್ನು ಎತ್ತಿ, ಕಂಕುಳಲ್ಲಿ ಇರುಕಿಕೊಂಡಳು. ಬಾಗಿಲ ಬಳಿ ತಿರುಗಿ ಒಮ್ಮೆ ನೋಡಿದಳು. ಅಡುಗೆಕಟ್ಟೆ ಈಗ ಆರಡಿಯವನಿಗೆ ಹೇಳಿ ಮಾಡಿಸಿದಂತಿತ್ತು.

ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಟಳು.