ಶಾಂತಾಬಾಯಿಯ ಹದಿನಾರು ಪದಗಳು

ಒಂದು ಬೆಳಿಗ್ಗೆ ಡಿವಿಡಿ ಪ್ಲೇಯರು ಶಾಂತಾಬಾಯಿಯ ಡಿಸ್ಕನ್ನು ಒಳಗೇ ಇಟ್ಟುಕೊಂಡು ಸುಮ್ಮನಾಯಿತು. ಗುಂಡಿ ಒತ್ತಿದರೆ ಗರ್ ಅನ್ನುವುದು, ತಟ್ಟೆ ಮಾತ್ರ ಹೊರಗೆ ಬರುತ್ತಿರಲಿಲ್ಲ. ಗಂಡ ವಿಶ್ವನಾಥಪ್ಪನವರು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ನಾಸಿಕ್ ರೋಡ್ ಸ್ಟೇಷನ್ನಿನ ಹತ್ತಿರದ ರಿಪೇರಿಯವನಿಗೆ ಒಯ್ದರು. ಅವನು ಮುಚ್ಚಳ ಬಿಚ್ಚಿ ಡಿಸ್ಕು ತೆಗೆದುಕೊಟ್ಟ. ಪ್ಲೇಯರಿಗೆ ಬಿಡಿಭಾಗ ಸಿಗುವುದಿಲ್ಲ ಕಾಕಾ, ಬಿಟ್ಟುಬಿಡಿ ಅಂದ. ಅವರು ಮನೆಗೆ ಬರುವ ತನಕ ಶಾಂತಾಬಾಯಿ ಬಾಗಿಲಲ್ಲೇ ನಿಂತಿದ್ದಳು. ಗಂಡನ ಕೈಯಲ್ಲಿ ಡಿಸ್ಕು ಕಂಡ ಮೇಲೆ ಚಹಾಕ್ಕಿಡಲು ಒಳಗೆ ಹೋದಳು.

ಆ ಡಿಸ್ಕಿನಲ್ಲಿ ಇದ್ದದ್ದು ಅವಳದೇ ಹದಿನಾರು ಪದಗಳು. ಬೀಸುವಾಗ ಹಾಡುವವು, ಕೂಸನ್ನು ತೊಟ್ಟಿಲಿಗೆ ಹಾಕುವಾಗ ಹಾಡುವವು, ಅರಿಶಿಣ ಹಚ್ಚುವಾಗ, ಬಸುರಿಗೆ ಕುಬುಸ ಮಾಡುವಾಗ ಹಾಡುವವು. ಎಲ್ಲವನ್ನೂ ಭಾಲ್ಕಿ ಹತ್ತಿರದ ಹಳ್ಳಿಯಲ್ಲಿ ಅವಳ ತಾಯಿ ಬಾಯಿಂದ ಬಾಯಿಗೆ ಕೊಟ್ಟಿದ್ದಳು. ಮದುವೆಯಾಗಿ ನಾಸಿಕಕ್ಕೆ ಬಂದ ಮೇಲೆ ಬೀಸುವ ಕಲ್ಲೂ ಇಲ್ಲ, ಜೊತೆಗೆ ದನಿಗೂಡಿಸುವ ಹೆಂಗಸರೂ ಇಲ್ಲ. ಆದರೂ ಹಿಟ್ಟು ನಾದುವಾಗ, ಅಕ್ಕಿ ಆರಿಸುವಾಗ ಹಾಡುತ್ತಲೇ ಇದ್ದಳು. ವಿಶ್ವನಾಥಪ್ಪನವರದು ನೋಟು ಅಚ್ಚಾಗುವ ಪ್ರೆಸ್ಸಿನಲ್ಲಿ ಹಾಳೆಗಳ ತಪ್ಪು ಹುಡುಕುವ ಕೆಲಸ. ಹೆಂಡತಿಯನ್ನು ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ಅದರ ಬದಲು ಎರಡು ಸಾವಿರದ ಎಂಟರ ಒಂದು ಭಾನುವಾರ, ಬಿಡುವಿನಲ್ಲಿ ಮದುವೆಗಳ ವೀಡಿಯೊ ತೆಗೆಯುತ್ತಿದ್ದ ಸಹೋದ್ಯೋಗಿಯನ್ನು ಮನೆಗೆ ಕರೆತಂದು, ಹೆಂಡತಿಗೆ ಹಸಿರು ಸೀರೆ ಉಟ್ಟುಕೊಳ್ಳಲು ಹೇಳಿ, ಚಾಪೆಯ ಮೇಲೆ ಕೂಡಿಸಿ, ಮಧ್ಯಾಹ್ನದವರೆಗೆ ಹಾಡಿಸಿದರು. ಮೂರನೆಯದು ಜೋಗುಳ. ಅದರ ಎರಡನೆಯ ನುಡಿಯ ನಡುವೆ ರೈಲೊಂದು ಉದ್ದಕ್ಕೆ ಕೂಗಿಕೊಂಡು ಹೋಯಿತು. ಶಾಂತಾಬಾಯಿ ನಿಲ್ಲಿಸಿ, ಫಕ್ಕನೆ ನಕ್ಕು, ಮತ್ತೆ ಅದೇ ನುಡಿ ಎತ್ತಿಕೊಂಡಳು. ಕತ್ತರಿಸಲೇ ಎಂದು ಸಹೋದ್ಯೋಗಿ ಕೇಳಿದಾಗ ವಿಶ್ವನಾಥಪ್ಪನವರು ಇರಲಿ ಬಿಡು ಅಂದಿದ್ದರು.

ಮೂರು ವರ್ಷದ ಹಿಂದೆ ಅವಳಿಗೆ ಥೈರಾಯ್ಡಿನ ಆಪರೇಷನ್ ಆಯಿತು. ಗಂಟು ಹೋಯಿತು, ಅದರೊಂದಿಗೆ ದನಿಯೂ ಹೋಯಿತು. ಮಾತು ಬರುತ್ತದೆ, ಆದರೆ ಒರಟಾಗಿ, ಅರ್ಧ ಗಾಳಿಯಾಗಿ ಬರುತ್ತದೆ. ತಿಂಗಳು ಕಳೆದಂತೆ ಸರಿಹೋದೀತು ಎಂದಿದ್ದ ಡಾಕ್ಟರು ಆಮೇಲೆ ಹಾಗೆ ಹೇಳುವುದನ್ನು ಬಿಟ್ಟರು. ಅಂದಿನಿಂದ ಅವಳ ಹಾಡು ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ.

ಹೊಸ ಪ್ಲೇಯರಿಗಾಗಿ ಅಂಗಡಿ ಅಂಗಡಿ ತಿರುಗಿದರು. ಈಗ ಯಾರು ಡಿಸ್ಕು ಹಾಕುತ್ತಾರೆ ಕಾಕಾ ಎಂದು ಎಲ್ಲರೂ ಅದೇ ಉತ್ತರ ಕೊಟ್ಟರು. ವಿಶ್ವನಾಥಪ್ಪನವರು ಸೋಲುವವರಲ್ಲ. ಒಂದು ನೋಟುಪುಸ್ತಕ ಮಾಡಿ ಬೇಕಾದದ್ದನ್ನೆಲ್ಲ ಬರೆದುಕೊಂಡರು. ಮನೆಯ ಟಿವಿ ಹಳೆಯದು, ಅದಕ್ಕೆ ಇಂಟರ್ನೆಟ್ಟಿಲ್ಲ. ಆದ್ದರಿಂದ ಡಿಸ್ಕೂ ಓಡಬೇಕು, ವೈಫೈ ಹಿಡಿದು ಯೂಟ್ಯೂಬೂ ತೋರಿಸಬೇಕು. ಊರ ಕಡೆಯ ಪ್ರವಚನಗಳನ್ನು ಫೋನಿನ ಸಣ್ಣ ಪರದೆಯಲ್ಲಿ ನೋಡಿ ಅವರ ಕಣ್ಣು ಸೋತಿದ್ದವು. ಮನೆಯ ಕಂಪ್ಯೂಟರಿನಲ್ಲಿ ಕಾಪಿ ಮಾಡಿದ ಡಿಸ್ಕನ್ನು ಕೆಲವು ಯಂತ್ರಗಳು ಓದುವುದಿಲ್ಲವಂತೆ, ಆದ್ದರಿಂದ ನಮ್ಮದೇ ಡಿಸ್ಕು ಹಾಕಿ ನೋಡದೆ ಕೊಳ್ಳಬಾರದು ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಅಂಥ ಪ್ಲೇಯರುಗಳನ್ನು ಇನ್ನೂ ಇಟ್ಟಿರುವ ಅಂಗಡಿ ಸಂಭಾಜಿನಗರದಲ್ಲಿ ಇದೆ ಎಂದು ತಿಳಿಸಿದವಳು ರೂಪಾ.

ರೂಪಾ ಶಾಂತಾಬಾಯಿಯ ಅಣ್ಣನ ಮಗಳು. ತಾಯಿ ತೀರಿಕೊಂಡಾಗ ಏಳು ವರ್ಷದವಳು; ಮಕ್ಕಳಿಲ್ಲದ ಈ ಮನೆಗೆ ಬಂದು ಇಲ್ಲೇ ಬೆಳೆದಳು. ಅತ್ತಿ ಹಾಡಲು ಕಲಿಸಹೋದರೆ ಎರಡು ನುಡಿಗೇ ಎದ್ದು ಓಡುತ್ತಿದ್ದಳು. ಮರಾಠಿ ಶಾಲೆ, ಮರಾಠಿ ಗೆಳತಿಯರು. ಕನ್ನಡ ತಿಳಿಯುತ್ತಿತ್ತು, ಬಾಯಿ ಮಾತ್ರ ತೊದಲುತ್ತಿತ್ತು. ಅವಳ ಮದುವೆಯೂ ಈ ಮನೆಯಿಂದಲೇ ಆಗಿ, ಗಂಡ ಅತುಲನ ಜೊತೆ ಸಂಭಾಜಿನಗರದಲ್ಲಿ ಸಂಸಾರ ಹೂಡಿದಳು. ಅತ್ತಿಯ ಆಪರೇಷನ್ನಿಗೆ ಓಡಿ ಬಂದು ಆರು ದಿನ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದಳು. ಅದಕ್ಕೆ ಸ್ವಲ್ಪ ಮುಂಚೆ, ಫೋನಿಗೆ ಹಾಕಿಕೊಳ್ಳುತ್ತೇನೆ ಎಂದು ಡಿಸ್ಕು ಒಯ್ದು, ಹಳೆಯದಾಗಿದೆ, ಕಾಪಿ ಆಗಲಿಲ್ಲ ಎಂದು ವಾಪಸು ತಂದಿದ್ದಳು. ಈಚೆಗೆ ಅಲ್ಲಿನ ಕನ್ನಡ ಮಹಿಳಾ ಮಂಡಳದಲ್ಲಿ ಅವಳಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಯಾತಕ್ಕೆ ಎಂದು ಶಾಂತಾಬಾಯಿ ಫೋನಿನಲ್ಲಿ ಕೇಳಿದಾಗ, ಸುಮ್ಮನೆ ಏನೋ ಸಮಾಜಸೇವೆ ಎಂದು ಮಾತು ತಿರುಗಿಸಿದ್ದಳು.

ಗಂಡ ಹೆಂಡತಿ ಬೆಳಗಿನ ಬಸ್ಸು ಹಿಡಿದು ಯೇವಲಾ ಮೇಲಿಂದ ಸಂಭಾಜಿನಗರ ತಲುಪಿದರು. ಊಟ ಬಡಿಸುವಾಗಲೇ ರೂಪಾ ಶುರುಮಾಡಿದಳು. ಬರೀ ಡಿಸ್ಕು ಓಡಿಸುವ ಸಾದಾ ಪ್ಲೇಯರು ತಗೊಳ್ಳಿ ಸಾಕು. ನೆಟ್ಟಿನ ಯಂತ್ರ ದುಬಾರಿ, ಎರಡು ವರ್ಷದಲ್ಲಿ ಅದರೊಳಗಿನ ಆ್ಯಪುಗಳು ನಿಂತುಹೋಗುತ್ತವೆ. ಪಾಸ್‌ವರ್ಡು, ಅಪ್‌ಡೇಟು, ನಿಮ್ಮ ಕೈಲಿ ಆಗುವುದಿಲ್ಲ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಿಶ್ವನಾಥಪ್ಪನವರು ಆ್ಯಪಿನ ವಿಷಯವನ್ನು ನೋಟುಪುಸ್ತಕದಲ್ಲಿ ಬರೆದುಕೊಂಡರು ಕೂಡ. ಆದರೆ ಅಂಗಡಿಗೆ ಹೋಗುವ ರಿಕ್ಷಾದಲ್ಲೂ ಅವಳು ಅದನ್ನೇ ಹೇಳುತ್ತಿದ್ದಳು.

"ಅತ್ತಿ, ನಿಮಗ ಯಾಕ ಬೇಕದು ಯೂಟ್ಯೂಬು? ನಿಮಗ ಫಕ್ತ ನಿಮ್ಮ ಡಿಸ್ಕ್ ನಡದ್ರ ಆಯ್ತಲ್ಲ."

ನಮ್ಮ ದುಡ್ಡು ಉಳಿಸಬೇಕೆಂದು ಇಷ್ಟು ಕಾಳಜಿ ಮಾಡುತ್ತಾಳಲ್ಲ ಎಂದು ಶಾಂತಾಬಾಯಿಯ ಮನಸ್ಸು ತುಂಬಿ ಬಂತು.

ಅಂಗಡಿಯಲ್ಲಿ ಪ್ರಾಚಿ ಎಂಬ ಹುಡುಗಿ ಅವರನ್ನು ದೊಡ್ಡ ಟಿವಿಯೊಂದರ ಎದುರು ಕೂಡಿಸಿ ಎರಡು ಪ್ಲೇಯರು ತಂದಿಟ್ಟಳು. ಒಂದು ಸಾದಾ, ಇನ್ನೊಂದು ನೆಟ್ಟಿನದು. ವಿಶ್ವನಾಥಪ್ಪನವರು ನೋಟುಪುಸ್ತಕ ತೆರೆದು ಒಂದೊಂದೇ ಕೇಳಿದರು. ಅವಳು ಮರಾಠಿಯಲ್ಲಿ ಬೇಸರಿಸದೆ ಉತ್ತರಿಸಿದಳು. ಕೊನೆಗೆ ಅವರು, ಇದರಲ್ಲಿ ನಮ್ಮ ಕನ್ನಡದ್ದು ಏನಾದರೂ ಬರುತ್ತದೆಯೋ ನೋಡೋಣ, ಬೀದರ್ ಬೀಸುವ ಪದ ಅಂತ ಹಾಕಮ್ಮ ಅಂದರು. ಸಾಕು ಮಾಮಾ, ಹೊತ್ತಾಯಿತು ಎಂದು ರೂಪಾ ಎದ್ದು ನಿಂತಳು. ಅಷ್ಟರಲ್ಲಿ ಪ್ರಾಚಿ ರಿಮೋಟಿನಲ್ಲಿ ಇಂಗ್ಲಿಷ್ ಅಕ್ಷರ ಒಂದೊಂದಾಗಿ ಒತ್ತಿ ಮುಗಿಸಿದ್ದಳು.

ಪರದೆಯ ತುಂಬ ಸಣ್ಣ ಸಣ್ಣ ಚಿತ್ರಗಳು ಬಂದವು. ಮೇಲಿನ ಸಾಲಿನ ಮೂರರಲ್ಲೂ ಒಂದೇ ಮುಖ. ಮೂಗುತಿ ಹಾಕಿ, ಹಸಿರು ಬಳೆ ತೊಟ್ಟು, ನಗುತ್ತಿರುವ ರೂಪಾ. ಪ್ರಾಚಿ ಪರದೆಯನ್ನೂ ಇವಳನ್ನೂ ನೋಡಿ, ಅಕ್ಕಾ, ಇದು ನೀವೇ ಅಲ್ಲವೇ ಎಂದು ಸಂತೋಷದಿಂದ ಕೇಳಿದಳು. ವಿಶ್ವನಾಥಪ್ಪನವರ ಮುಖ ಅರಳಿತು. ಶಾಂತಾಬಾಯಿಗೂ ಹಿಗ್ಗಾಯಿತು. ಓಡಿಹೋಗುತ್ತಿದ್ದ ಹುಡುಗಿ ಕೊನೆಗೂ ಕಲಿತಳಲ್ಲ, ನಮ್ಮ ಕಣ್ಣಿಗೆ ಬೀಳದ ಹಾಗೆ ಕಲಿತಿದ್ದಾಳಲ್ಲ ಅನ್ನಿಸಿತು.

"ಬ್ಯಾಡ ಮಾಮಾ, ಅದು ಹಳೇದು, ಛಲೋ ಬಂದಿಲ್ಲ," ಎಂದಳು ರೂಪಾ.

ಪ್ರಾಚಿ ಆಗಲೇ ಮೊದಲನೆಯದನ್ನು ಒತ್ತಿದ್ದಳು, ಜೋಗುಳ ಶುರುವಾಯಿತು. ರೂಪಾಳ ಫೋಟೋ ಪರದೆಯ ಮೇಲೆ ಅಲುಗಾಡದೆ ನಿಂತಿತ್ತು, ಹಿಂದೆ ಹಾಡು. ಕಿವಿ ಮಂದವಾಗಿರುವ ವಿಶ್ವನಾಥಪ್ಪನವರು ತಲೆದೂಗಿ, ಥೇಟ್ ನಿಮ್ಮತ್ತಿ ಹಾಡಿದಂಗೇ ಅದ ಅಂದರು. ಶಾಂತಾಬಾಯಿ ಪರದೆ ಬಿಟ್ಟು ದನಿಯನ್ನೇ ಕೇಳುತ್ತಿದ್ದಳು. ಮೊದಲನೆಯ ನುಡಿ ಮುಗಿಯಿತು. ಎರಡನೆಯದರ ನಡುವೆ ರೈಲು ಕೂಗಿತು. ಹಾಡು ನಿಂತಿತು, ಒಂದು ನಗೆ ಕೇಳಿಸಿತು, ಮತ್ತೆ ಅದೇ ನುಡಿ ಮೊದಲಿನಿಂದ ಹೊರಟಿತು.

ಪ್ರಾಚಿಗೆ ಇದೊಂದೂ ಗೊತ್ತಿಲ್ಲ. ಇನ್ನು ನಿಮ್ಮ ಡಿಸ್ಕು ಕೊಡಿ, ಓದುತ್ತದೆಯೋ ನೋಡೋಣ ಎಂದು ವಿಶ್ವನಾಥಪ್ಪನವರ ಮಡಿಲಿನಿಂದ ಅದನ್ನು ಎತ್ತಿಕೊಂಡು ಅದೇ ಯಂತ್ರಕ್ಕೆ ಹಾಕಿದಳು. ಡಿಸ್ಕು ಓಡಿತು. ಹಸಿರು ಸೀರೆಯಲ್ಲಿ ಚಾಪೆಯ ಮೇಲೆ ಕೂತ ನಲವತ್ತೇಳರ ಶಾಂತಾಬಾಯಿ ದೊಡ್ಡ ಪರದೆಯ ಮೇಲೆ ಹಾಡತೊಡಗಿದಳು. ಮುಂದಿನ ಹಾಡುಗಳೂ ಓಡುತ್ತವೆ ಎಂದು ತೋರಿಸಲು ಪ್ರಾಚಿ ಎರಡು ಹಾಡು ದಾಟಿಸಿ ಮೂರನೆಯದಕ್ಕೆ ಹೋದಳು. ರೈಲು ಕೂಗಿದಾಗ ಅವಳ ಕೈ ತಾನಾಗಿ ರಿಮೋಟಿನ ಕಡೆ ಹೋಗಿ ದನಿ ತಗ್ಗಿಸಿತು. ಆಮೇಲೆ ಅವಳು ಯಾರ ಮುಖವನ್ನೂ ನೋಡಲಿಲ್ಲ.

ರೂಪಾ ಫೋನು ಬಂದಂತೆ ಮಾಡಿ ಹೊರಗೆ ಹೋದಳು. ನಂತರ ಶಾಂತಾಬಾಯಿ ಒಂದೇ ಮಾತು ಆಡಿದಳು. ನೆಟ್ಟಿನದನ್ನೇ ಕಟ್ಟಿಕೊಡು ಅಂದಳು.

ರೂಪಾಳ ಮನೆಗೆ ಬಂದು ವಿಶ್ವನಾಥಪ್ಪನವರು ಕನ್ನಡಕ ಏರಿಸಿ ಫೋನಿನಲ್ಲಿ ಅವಳ ಚಾನೆಲ್ಲಿನ ಹದಿನಾರು ಹಾಡುಗಳನ್ನೂ ಒಂದೊಂದಾಗಿ ತೆರೆದು ನೋಡಿದರು. ಮೂವತ್ತನಾಲ್ಕು ವರ್ಷ ಹಾಳೆಗಳನ್ನು ನೋಡಿದ ಹಾಗೆಯೇ ನೋಡಿದರು. ಮೊದಲ ಹಾಡು ಹಾಕಿದ ತಾರೀಖು ಬಂದಾಗ ಫೋನನ್ನು ಹೆಂಡತಿಯ ಕೈಗೆ ಕೊಟ್ಟರು. ಆಪರೇಷನ್ ಆದ ನಾಲ್ಕನೆಯ ದಿನ. ಆ ದಿನ ಶಾಂತಾಬಾಯಿ ನೀರು ಕೇಳಲು ದನಿ ಹೊರಡದೆ ಕೈಸನ್ನೆ ಮಾಡಿದ್ದಳು, ನೆಲದ ಮೇಲೆ ಕೂತು ಫೋನು ನೋಡುತ್ತಿದ್ದ ರೂಪಾ ಎದ್ದು ಬಂದು ಚಮಚದಲ್ಲಿ ಕುಡಿಸಿದ್ದಳು.

ಹಾಡಿನ ಕೆಳಗೆ ಜನ ಬರೆದದ್ದೂ ಇತ್ತು. ನಮ್ಮವ್ವನ ನೆನಪಾಯಿತು ತಂಗಿ, ಇವನ್ನು ಯಾರಿಂದ ಕಲಿತೆ ಎಂದು ಒಬ್ಬಳು ಕೇಳಿದ್ದಳು. ನನ್ನ ಅಜ್ಜಿ ಕಲಿಸಿದಳು ಎಂದು ರೂಪಾ ಉತ್ತರ ಬರೆದಿದ್ದಳು. ಆ ಅಜ್ಜಿ ಶಾಂತಾಬಾಯಿಯ ತಾಯಿ. ರೂಪಾ ಹುಟ್ಟುವ ಮೊದಲೇ ತೀರಿಕೊಂಡವಳು. ಹೆಸರು ಬಿಟ್ಟದ್ದಕ್ಕಿಂತ ಇದು ಶಾಂತಾಬಾಯಿಗೆ ಹೆಚ್ಚು ಚುಚ್ಚಿತು. ಅಜ್ಜಿಗೂ ಮೊಮ್ಮಗಳಿಗೂ ನಡುವೆ ತಾನೊಬ್ಬಳು ಇದ್ದೇ ಇರಲಿಲ್ಲ ಎಂಬಂತಿತ್ತು.

ಚಹಾ ತಂದ ರೂಪಾ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಮೊದಲು ಮಂಡಳದ ಹೆಂಗಸರಿಗೆ ಕೇಳಿಸಲೆಂದಷ್ಟೇ ಹಾಕಿದೆ ಅಂದಳು. ಅವರು ನಿನ್ನದೇ ದನಿಯಾ ಅಂದರು, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆಮೇಲೆ ಎಲ್ಲರೂ ಹೊಗಳತೊಡಗಿದರು. ಎದುರಿಗೆ ಹಾಡು ಅಂದಾಗಲೆಲ್ಲ ಗಂಟಲು ಕೆಟ್ಟಿದೆ ಎಂದು ತಪ್ಪಿಸಿಕೊಂಡೆ. ಅಷ್ಟು ಹೇಳಿದ ಮೇಲೆ ಅವಳಿಗೆ ಸ್ವಲ್ಪ ಧೈರ್ಯ ಬಂತು.

"ನೀವು ಹೆಂಗೂ ಇನ್ನ ಹಾಡಾಂಗಿಲ್ಲಲ್ಲ ಅತ್ತಿ. ಡಬ್ಬಿದಾಗ ಬಿದ್ದು ಹಾಳಾಗ್ತಿದ್ದವು. ನಾ ನಾಕ್ ಮಂದಿ ಕೇಳೂ ಹಂಗರ ಮಾಡೀನಿ."

ಶಾಂತಾಬಾಯಿ ಫೋನನ್ನು ಗಂಡನ ಕೈಗೆ ವಾಪಸು ಕೊಟ್ಟಳು. ಒಡೆದ ದನಿಯಲ್ಲಿ ಮೆಲ್ಲಗೆ ಕೇಳಿದಳು.

"ನನ್ನ ಹೆಸರು ಬರೀಲಾಕ ಎಷ್ಟೊತ್ತು ಹಿಡೀತಿತ್ತವ್ವ?"

ರೂಪಾ ಅಳತೊಡಗಿದಳು. ಅತ್ತಾಗ ಸಂತೈಸುವುದು ಶಾಂತಾಬಾಯಿಗೆ ಮೂವತ್ತು ವರ್ಷದ ರೂಢಿ. ಕೈ ಅರ್ಧ ಎತ್ತಿ ಹಾಗೇ ಮಡಿಲಲ್ಲಿ ಇಟ್ಟುಕೊಂಡಳು. ಹೆಸರು ಬದಲಾಯಿಸು, ಹಾಡಿದವಳು ನನ್ನತ್ತಿ ಅಂತ ಬರೆ, ಮತ್ತೇನೂ ಬೇಡ ಅಂದಳು. ರೂಪಾ ಆಗಲಿ ಎಂದು ತಲೆಯಾಡಿಸಿದಳು. ಗಂಡ ಹೆಂಡತಿ ಸಂಜೆಯ ಬಸ್ಸಿಗೆ ನಾಸಿಕಕ್ಕೆ ಹೊರಟರು. ಪ್ಲೇಯರಿನ ಡಬ್ಬ ವಿಶ್ವನಾಥಪ್ಪನವರ ತೊಡೆಯ ಮೇಲಿತ್ತು.

ಎರಡು ದಿನ ಕಳೆದು ಯಂತ್ರ ಜೋಡಿಸಿ, ವೈಫೈ ಹಿಡಿಸಿ, ವಿಶ್ವನಾಥಪ್ಪನವರು ಬೀಸುವ ಪದ ಎಂದು ಒತ್ತಿದರು. ಹೆಸರು ಬದಲಾಗಿದೆಯೋ ನೋಡಲು ಶಾಂತಾಬಾಯಿ ಒಗೆಯುವುದನ್ನು ಬಿಟ್ಟು ಒದ್ದೆ ಕೈಯಲ್ಲೇ ಬಂದು ನಿಂತಳು. ಬೇರೆ ಯಾರ್‍ಯಾರದೋ ಹಾಡುಗಳು ಬಂದವು. ಹದಿನಾರರಲ್ಲಿ ಒಂದೂ ಇರಲಿಲ್ಲ. ಚಾನೆಲ್ಲೇ ಇರಲಿಲ್ಲ. ಅತ್ತಿಯ ಹೆಸರು ಬರೆಯುವುದಕ್ಕಿಂತ ಎಲ್ಲವನ್ನೂ ಅಳಿಸಿಹಾಕುವುದು ರೂಪಾಳಿಗೆ ಸುಲಭವಾಗಿತ್ತು. ಅವ್ವನ ನೆನಪಾಯಿತು ಎಂದು ಬರೆದಿದ್ದವರ ಮಾತುಗಳೂ ಹೋಗಿದ್ದವು. ಅಂಗಡಿಯಲ್ಲಿ ಬಾರದ ಅಳು ಶಾಂತಾಬಾಯಿಗೆ ಆಗ ಬಂತು.

ಡಿಸ್ಕಿನಿಂದ ನಾವೇ ಯೂಟ್ಯೂಬಿಗೆ ಹಾಕಿಸೋಣ, ಹಾಕಿಕೊಡುವವರು ಸಿಗುತ್ತಾರೆ ಎಂದು ವಿಶ್ವನಾಥಪ್ಪನವರು ಹೇಳುತ್ತಿದ್ದರು. ಅವಳು ಈಗ ಬೇಡ ಅನ್ನುತ್ತಿದ್ದಳು. ರೂಪಾ ಭಾನುವಾರ ಭಾನುವಾರ ಫೋನು ಮಾಡುತ್ತಿದ್ದಳು. ಶಾಂತಾಬಾಯಿ ಅದನ್ನು ಗಂಡನ ಕೈಗೆ ಕೊಡುತ್ತಿದ್ದಳು.

ಬಸವ ಜಯಂತಿಗೆ ನಾಸಿಕದ ಸಮಾಜದವರೆಲ್ಲ ಸೇರಿದ್ದಾಗ ಬೀದರ ಕಡೆಯ ರುಕ್ಮಿಣಿಬಾಯಿ ಎಂಬ ಹೆಂಗಸು ಪಕ್ಕದಲ್ಲಿ ಊಟಕ್ಕೆ ಕೂತರು. ನಿಮ್ಮ ಅಣ್ಣನ ಮಗಳ ಜೋಗುಳ ಹಚ್ಚಿಯೇ ಮೊಮ್ಮಗನನ್ನು ಮಲಗಿಸುತ್ತಿದ್ದೆ, ಈಗ ಸಿಗುತ್ತಿಲ್ಲವಲ್ಲ, ಎಂಥ ದನಿ ಆ ಹುಡುಗಿಯದು ಅಂದರು. ಶಾಂತಾಬಾಯಿ ಊಟ ನಿಲ್ಲಿಸಿದಳು.

"ಆ ಪದ ನಾ ಹಾಡಿದ್ದು ಅದರಿ."

ಆ ಒಣ ದನಿ ಕೇಳಿ ರುಕ್ಮಿಣಿಬಾಯಿ ಅವಳ ಮುಖ ನೋಡಿದರು. ಸಣ್ಣಗೆ ನಕ್ಕು, ಹೌದೇನ್ರಿ ಅಂದು, ಆಚೆ ಕೂತವಳ ಕಡೆ ತಿರುಗಿ ಹೋಳಿಗೆಯ ಮಾತು ಎತ್ತಿದರು. ಮನೆಗೆ ಬನ್ನಿ, ಡಿಸ್ಕು ತೋರಿಸುತ್ತೇನೆ ಎಂದು ಹೇಳಲು ಶಾಂತಾಬಾಯಿಗೆ ನಾಲಗೆ ಏಳಲಿಲ್ಲ.

ಆ ಭಾನುವಾರ ರೂಪಾಳ ಫೋನನ್ನು ಅವಳೇ ಎತ್ತಿದಳು. ಕುಶಲ ಕೇಳಲಿಲ್ಲ. ರುಕ್ಮಿಣಿಬಾಯಿಯ ನಂಬರು ಕೊಟ್ಟು, ನಾ ಸುಳ್ಳು ಹೇಳಿದೆ ಅಂತ ತಿಳಿದಾರ, ಹಾಡಿದಾಕಿ ಯಾರು ಅಂತ ನೀ ಒಂದು ಮಾತು ಅವರಿಗೆ ಹೇಳು ಅಂದಳು. ಆಚೆ ಬದಿಗೆ ಕುಕ್ಕರಿನ ಸದ್ದು ಕೇಳುತ್ತಿತ್ತು, ಮಕ್ಕಳು ಏನೋ ಜಗಳಾಡುತ್ತಿದ್ದರು. ಹೇಳ್ತೀನಿ ಅತ್ತಿ, ಈಗ ಸ್ವಲ್ಪ ಗಡಿಬಿಡಿ ಅದ, ನಾಳೆ ಹೇಳ್ತೀನಿ ಅಂದಳು ರೂಪಾ.

ಆ ಮಾತಿಗೆ ಐದು ತಿಂಗಳಾಯಿತು. ರುಕ್ಮಿಣಿಬಾಯಿಗೆ ಯಾರೂ ಫೋನು ಮಾಡಿಲ್ಲ.